ಅಪ್ಪನ ಸಂಚಿಗೊಂದು ಚಾಕು

ಒಂದು ಚಾಕು ಕೊಳ್ಳೋದಕ್ಕೆ ನನಗೆ ಐದು ತಿಂಗಳು ಹಿಡಿಯಿತು ಅಂದರೆ ನೀವು ನಗಬಹುದು. ನನ್ನ ಹೆಂಡತಿ ಈಗಲೂ ನಗುತ್ತಾಳೆ. ಬಾಡಿಗೆ ಮನೆ ಹುಡುಕಿದ್ದು ಎರಡು ಭಾನುವಾರದಲ್ಲಿ, ಕಾರು ಕೊಂಡಿದ್ದು ಮೂರು ವಾರದಲ್ಲಿ. ಆದರೆ ಅಂಗೈ ಅಗಲದ ಮಡಚುವ ಚಾಕುವಿಗೆ ಮಾತ್ರ ಎಕ್ಸೆಲ್ ಶೀಟು, ಹನ್ನೊಂದು ಕಾಲಮ್ಮು, ಪ್ರತಿ ಕಾಲಮ್ಮಿಗೂ ವೆಯ್ಟೇಜು. ಅದನ್ನು ನೋಡಿ ಅವಳು, "ಹುಡುಗಿ ನೋಡೋಕೆ ಬಂದಾಗ್ಲೂ ಹೀಗೇ ಶೀಟ್ ಮಾಡಿದ್ರಾ?" ಅಂದಳು. ಮಾಡಿರಲಿಲ್ಲ.

ಶುರುವಾಗಿದ್ದು ಫೆಬ್ರುವರಿಯಲ್ಲಿ. ಅಪ್ಪ ಕಣ್ಣು ತೋರಿಸಲಿಕ್ಕೆ ಬೆಂಗಳೂರಿಗೆ ಬಂದಿದ್ದ. ಬರುವಾಗ ರಾತ್ರಿ ಬಸ್ಸಿನಲ್ಲಿ ಕಾಲು ಬಾತುಕೊಂಡಿತ್ತು. ಹೋಗುವಾಗ ಆ ಕಷ್ಟ ಬೇಡ, ಎಪ್ಪತ್ತೊಂದು ವರ್ಷಕ್ಕೆ ಒಂದು ಸಲ ವಿಮಾನವನ್ನೂ ಹತ್ತಲಿ ಅಂತ ಟಿಕೆಟ್ ಬುಕ್ ಮಾಡಿದೆ. ಬ್ಯಾಗು ತುಂಬಿದ್ದು ನಾನೇ. ಪವರ್ ಬ್ಯಾಂಕ್ ಎಲ್ಲಿಡಬೇಕು, ಅಮ್ಮನಿಗೆ ಕೊಂಡ ತೆಂಗಿನೆಣ್ಣೆ ಬಾಟಲಿ ಎಲ್ಲಿಡಬೇಕು, ಎಲ್ಲ ಲೆಕ್ಕ ಹಾಕಿದೆ. ಅಪ್ಪನ ಸೊಂಟದಲ್ಲಿದ್ದ ಕವಳದ ಸಂಚಿಯ ನೆನಪೇ ಆಗಲಿಲ್ಲ. ಅದು ಅಪ್ಪನ ಕೈಕಾಲಿನ ಹಾಗೆ. ಯಾರಾದರೂ ಅಪ್ಪನ ಮೊಣಕೈಯನ್ನು ಯಾವ ಬ್ಯಾಗಿಗೆ ಹಾಕಬೇಕು ಅಂತ ಯೋಚಿಸುತ್ತಾರಾ?

ಸಂಚಿಯೊಳಗೆ ಎಲೆ, ಅಡಿಕೆ, ಸುಣ್ಣದ ಡಬ್ಬಿ, ಒಂದು ಚೂರು ಹೊಗೆಸೊಪ್ಪು, ಅಡಕತ್ತರಿ, ಮತ್ತೆ ಅಜ್ಜನ ಚಾಕು. ಸೆಕ್ಯುರಿಟಿ ಚೆಕ್ಕಿನಲ್ಲಿ ಅಡಕತ್ತರಿ ಮತ್ತು ಚಾಕು ಎರಡನ್ನೂ ತೆಗೆದಿಟ್ಟುಕೊಂಡರಂತೆ. ಅವರ ತಪ್ಪಿಲ್ಲ. ಹರಿತವಾದದ್ದನ್ನು ಕೈಚೀಲದಲ್ಲಿ ಬಿಡೋದಿಲ್ಲ, ಚೆಕ್-ಇನ್ ಬ್ಯಾಗಿನಲ್ಲಿ ಹಾಕಿದರೆ ಬಿಡುತ್ತಾರೆ, ಅಷ್ಟೇ ನಿಯಮ. ವರ್ಷಕ್ಕೆ ಹತ್ತಿಪ್ಪತ್ತು ಸಲ ಹಾರಾಡುವ ನನಗೆ ಅದು ಗೊತ್ತಿತ್ತು, ಅಪ್ಪನಿಗೆ ಗೊತ್ತಿರಲಿಲ್ಲ. ಊರು ಮುಟ್ಟಿದ ಮೇಲೆ ಫೋನ್ ಮಾಡಿದ. ಮೋಡ ಮೇಲಿನಿಂದ ಅರಳೆ ಹಾಗೆ ಕಾಣ್ತು ಅಂದ, ಕೊಟ್ಟ ಕಾಫಿ ನೀರು ನೀರು ಅಂದ. ಚಾಕುವಿನ ಸುದ್ದಿ ಎತ್ತಲಿಲ್ಲ. ಎಂಟು ದಿನ ಬಿಟ್ಟು ಅಮ್ಮ ಹೇಳಿದಳು. ನಾನು ಅಪ್ಪನನ್ನು ಕೇಳಿದರೆ, "ಅಡ್ಡಿಲ್ಲೆ ತಮಾ, ಬಿಡು. ಹಳೇದಾಗಿತ್ತು" ಅಂದ.

ಹಳೆಯದಾಗಿತ್ತು, ನಿಜ. ಅಜ್ಜ ಅದನ್ನು ಶಿರಸಿ ಮಾರಿಜಾತ್ರೆಯಲ್ಲಿ ಕೊಂಡಿದ್ದಂತೆ. ಜಾತ್ರೆ ನಡೆಯೋದು ಎರಡು ವರ್ಷಕ್ಕೊಮ್ಮೆ. ಯಾವ ಜಾತ್ರೆ ಅನ್ನೋದು ಅಪ್ಪನಿಗೂ ನೆನಪಿಲ್ಲ, ತಾನು ಹುಟ್ಟುವ ಮೊದಲು ಅಂತ ಮಾತ್ರ ಗೊತ್ತು. ಕೋಡಿನ ಹಿಡಿ, ಒಂದೇ ಅಲಗು. ಮಸೆದು ಮಸೆದು, ಮಾವಿನೆಲೆಯಷ್ಟಿದ್ದ ಅಲಗು ನನ್ನ ಕಾಲಕ್ಕೆ ಬಿದಿರೆಲೆಯಷ್ಟು ಸಪೂರ ಆಗಿತ್ತು. ಬಣ್ಣ ಕಪ್ಪು. ಅಡಿಕೆಯ ಚೊಗರು ಕಬ್ಬಿಣಕ್ಕೆ ತಾಗಿದರೆ ಕಪ್ಪಾಗುತ್ತದೆ. ಆ ಒಗರಿನಲ್ಲಿರುವ ಟ್ಯಾನಿನ್ನು ಕಬ್ಬಿಣದ ಜೊತೆ ಸೇರಿ ಹಾಗೆ ಮಾಡೋದು ಅಂತ ನಾನು ಓದಿದ್ದು ಪಿಯುಸಿಯಲ್ಲಿ. ನೋಡಿದ್ದು ಅದಕ್ಕಿಂತ ಎಷ್ಟೋ ಮೊದಲು, ಸಂಚಿಯೊಳಗೆ.

ಆ ಚಾಕುವಿನ ಕೆಲಸ ಕವಳಕ್ಕೆ ಮುಗಿಯುತ್ತಿರಲಿಲ್ಲ. ಎಲೆಯ ತೊಟ್ಟು ತೆಗೆಯೋದು, ಬಾಳೆನಾರು ಸೀಳೋದು, ಮೆಣಸಿನ ಬಳ್ಳಿ ಕಟ್ಟಿದ ಮೇಲೆ ಉಳಿದ ದಾರ ಕತ್ತರಿಸೋದು, ಗೊಬ್ಬರದ ಚೀಲದ ಹೊಲಿಗೆ ಬಿಚ್ಚೋದು, ನನ್ನ ಕಾಲಿಗೆ ಚುಚ್ಚಿದ ಮುಳ್ಳು ತೆಗೆಯೋದು. ಎಲ್ಲಕ್ಕಿಂತ ದೊಡ್ಡದು ಕಸಿ. ಅಪ್ಪ ಹಿಪ್ಪಲಿ ಗಿಡಕ್ಕೆ ಮೆಣಸು ಕಸಿ ಕಟ್ಟುತ್ತಾನೆ. ಹಿಪ್ಪಲಿಯ ಬೇರು ನೀರು ನಿಂತ ಜಾಗದಲ್ಲೂ ತಡೆದುಕೊಳ್ಳುತ್ತೆ, ಸೊರಗು ರೋಗಕ್ಕೆ ಅಷ್ಟು ಸುಲಭಕ್ಕೆ ಬಗ್ಗೋದಿಲ್ಲ ಅಂತ. ಕೆಳಗಿನ ಗಿಡದ ದಂಟು ಸೀಳಬೇಕು, ಮೇಲಿನ ಕುಡಿಯನ್ನು ಪಾಚರದ ಹಾಗೆ ಎರಡೂ ಕಡೆ ಓರೆಯಾಗಿ ಕೊಯ್ಯಬೇಕು. ಒಂದೇ ಎಳೆತಕ್ಕೆ. ಎರಡನೇ ಸಲ ಕೊಯ್ದರೆ ಮೈ ಸಮ ಬರೋದಿಲ್ಲ, ಸಮ ಬರದಿದ್ದರೆ ಕೂಡೋದಿಲ್ಲ. ಅದಕ್ಕೆ ಬೇಕಾಗಿದ್ದು ತೆಳ್ಳಗಿನ ಅಲಗು.

ಇದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಮೊದಲು ತರಿಸಿದ್ದು ಎಂಥದ್ದು ಅಂತ ಹೇಳಲಿಕ್ಕೆ ನಾಚಿಕೆ. ಕಪ್ಪು ಬಣ್ಣದ, ಮಿಲಿಟರಿ ನೋಟದ, ಬೆಲ್ಟಿಗೆ ಸಿಕ್ಕಿಸಲು ಕ್ಲಿಪ್ಪಿರುವ, ಹಿಡಿಯ ತುದಿಯಲ್ಲಿ ಕಾರಿನ ಗಾಜು ಒಡೆಯುವ ಮೊಳೆಯಿರುವ ಚಾಕು. ಅಡುಗೆಮನೆಯ ತಕ್ಕಡಿಯಲ್ಲಿಟ್ಟರೆ 178 ಗ್ರಾಂ, ಹತ್ತಿರ ಹತ್ತಿರ ನನ್ನ ಫೋನಿನಷ್ಟು. ಅಂಗಿ ಕಿಸೆಗೆ ಹಾಕಿಕೊಂಡು ಬಗ್ಗಿದರೆ ಗಲ್ಲಕ್ಕೆ ಹೊಡೆಯುತ್ತಿತ್ತು. ಅಲಗಿನ ದಪ್ಪ ಮೂರೂವರೆ ಮಿಲಿಮೀಟರ್. ಸೇಬು ಕೊಯ್ಯಲು ಹೋದರೆ ಅದು ಕೊಯ್ಯೋದಿಲ್ಲ, ಕೊಡಲಿ ಹಾಗೆ ಸೀಳುತ್ತದೆ. ಆ ಚಾಕುವನ್ನು ಇಟ್ಟುಕೊಂಡವನು ಯಾರಿಂದಲೋ ಪಾರಾಗಬೇಕು ಅಂತ ಅದನ್ನು ಮಾಡಿದವರು ಅಂದುಕೊಂಡ ಹಾಗಿತ್ತು. ಅಪ್ಪ ಪಾರಾಗಬೇಕಾಗಿದ್ದು ಮಂಗನಿಂದ ಮಾತ್ರ. ಅದಕ್ಕೆ ಬೇರೆ ವ್ಯವಸ್ಥೆ ಇದೆ.

ಆಮೇಲೆ ಸ್ವಲ್ಪ ಬುದ್ಧಿ ಬಂತು. ತೂಕದ ಕಾಲಮ್ಮಿಗೆ ಎಲ್ಲಕ್ಕಿಂತ ಹೆಚ್ಚು ಅಂಕ ಕೊಟ್ಟೆ. ಪಂಚೆಗೆ ಕಿಸೆ ಇಲ್ಲ. ಸಂಚಿ ಸೊಂಟಕ್ಕೆ ಸಿಕ್ಕಿಸಿಕೊಳ್ಳೋದು, ಐವತ್ತು ಗ್ರಾಮಿಗಿಂತ ಹೆಚ್ಚು ಭಾರ ಬಿದ್ದರೆ ತೋಟದ ಸಂಕ ದಾಟುವಾಗ ಜಾರಿ ಹಳ್ಳಕ್ಕೆ ಬೀಳುತ್ತೆ. ನಿಜ ಹೇಳಬೇಕೆಂದರೆ ದಿನಾ ಒಯ್ಯುವ ಚಾಕುವಿಗೆ ಇದೊಂದೇ ಪರೀಕ್ಷೆ ಸಾಕು: ಭಾರ ಆದರೆ ಒಂದು ವಾರ ಒಯ್ಯುತ್ತೀರಿ, ಎರಡನೇ ವಾರ ಅದು ಮೇಜಿನ ಡ್ರಾಯರಿನಲ್ಲಿರುತ್ತೆ. ಡ್ರಾಯರಿನಲ್ಲಿರುವ ಚಾಕು ಎಷ್ಟು ಹರಿತ ಇದ್ದರೇನು?

ಕಾನೂನನ್ನೂ ನೋಡಿದೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇದ್ದರೆ ಆಯುಧದ ಪಟ್ಟಿಗೆ ಸೇರುತ್ತದೆ. ಮನೆಗೆಲಸಕ್ಕೆ, ಕೃಷಿಗೆ ಅಂತ ಮಾಡಿದ್ದಕ್ಕೆ ವಿನಾಯಿತಿ ಇದೆ, ಇಲ್ಲದಿದ್ದರೆ ನಮ್ಮೂರಿನ ಪ್ರತಿ ಕತ್ತಿಗೂ ಲೈಸೆನ್ಸು ಬೇಕಾಗುತ್ತಿತ್ತು. ನಾನು ನೋಡುತ್ತಿದ್ದ ಚಾಕುಗಳ ಅಲಗು ಮೂರೂವರೆ ಇಂಚು ದಾಟುತ್ತಿರಲಿಲ್ಲ. ಬಟನ್ ಒತ್ತಿದರೆ ಚಟ್ಟಂತ ತೆರೆಯುವ ಸಿನಿಮಾ ಚಾಕುಗಳ ಸಹವಾಸಕ್ಕೆ ಹೋಗಲೇ ಇಲ್ಲ. ಹಾಗಂತ ಕಾನೂನು ಬಿಟ್ಟರೂ ಬಾಗಿಲಲ್ಲಿ ನಿಂತವರು ಬಿಡಬೇಕಲ್ಲ. ಮೆಟ್ರೋ, ಮಾಲು, ಸಿನಿಮಾ ಥಿಯೇಟರು, ನಮ್ಮ ಆಫೀಸಿನ ಗೇಟು, ಎಲ್ಲ ಕಡೆ ಬ್ಯಾಗು ಯಂತ್ರದೊಳಗೆ ಹೋಗಲೇಬೇಕು. ಊರಲ್ಲಿ ಚಾಕು ಇಲ್ಲದವನನ್ನು 'ಇವನೆಂಥ ಗಂಡಸು, ಒಂದು ಬಾಳೆಗೊನೆ ಇಳಿಸಲಿಕ್ಕೂ ಇನ್ನೊಬ್ಬರ ಕತ್ತಿ ಕೇಳ್ತಾನೆ' ಅಂತ ನೋಡುತ್ತಾರೆ. ಬೆಂಗಳೂರಿನಲ್ಲಿ ಚಾಕು ಇದ್ದವನನ್ನು ನೋಡುವ ರೀತಿಯೇ ಬೇರೆ.

ಉಕ್ಕಿನ ವಿಷಯಕ್ಕೆ ಬಂದಾಗ ನನ್ನೊಳಗಿನ ಬಿಇ ಎದ್ದು ಕೂತ. ಎರಡು ವಾರ ರಾತ್ರಿ ಹನ್ನೆರಡರವರೆಗೆ ಅದೇ ಓದು. ಇವತ್ತಿನ ದುಬಾರಿ ಚಾಕುಗಳ ಉಕ್ಕಿನಲ್ಲಿ ವನೇಡಿಯಂ ಸೇರಿಸಿರುತ್ತಾರೆ. ಒಮ್ಮೆ ಹರಿತ ಆದರೆ ಬಹಳ ದಿನ ಬಾಳುತ್ತೆ, ಆದರೆ ಮೊಂಡಾದ ಮೇಲೆ ನಮ್ಮ ಬಚ್ಚಲಿನ ಸಾಣೆಕಲ್ಲಿಗೆ ಅದು ಜಪ್ಪಯ್ಯ ಅನ್ನೋದಿಲ್ಲ, ವಜ್ರದ ಪುಡಿ ಮೆತ್ತಿದ ಹಲಗೆ ಬೇಕು. ಅಪ್ಪನಿಗೆ ಅದನ್ನೂ ಕೊಂಡು ಕೊಟ್ಟು, ಹೀಗೆ ಹಿಡಿ, ಇಷ್ಟು ಡಿಗ್ರಿ ಅಂತ ಪಾಠ ಮಾಡೋದಾ? ನನಗೆ ಮಸೆಯಲು ಕಲಿಸಿದ್ದೇ ಅವನು. ಕಲ್ಲಿನ ಮೇಲೆ ನೀರು ಹಾಕಿ, 'ಅಲಗು ಮಾತಾಡೋದು ಕೇಳು' ಅನ್ನುತ್ತಿದ್ದ. ಹಾಗಾಗಿ ಸಾದಾ ಉಕ್ಕೇ ಸರಿ. ಸ್ಟೇನ್‌ಲೆಸ್ಸಾ, ಕಾರ್ಬನ್ನಾ? ಸ್ಟೇನ್‌ಲೆಸ್ಸಿನಲ್ಲಿ ಕ್ರೋಮಿಯಂ ಇರುವುದರಿಂದ ತುಕ್ಕು ಕಡಿಮೆ. ಕಾರ್ಬನ್ ಉಕ್ಕು ನಮ್ಮ ಕಡೆ ಮಳೆಗಾಲದಲ್ಲಿ ಒರೆಸದೆ ಬಿಟ್ಟರೆ ಬೆಳಗಾಗುವುದರೊಳಗೆ ಕೆಂಪಾಗಿರುತ್ತೆ. ಆದರೆ ಕಲ್ಲಿನ ಮೇಲೆ ನಾಲ್ಕು ಸಲ ಎಳೆದರೆ ಹರಿತ. ಅಜ್ಜನದ್ದೂ ಅದೇ ಜಾತಿ ಇರಬೇಕು.

ಕೊನೆಗೆ ಶೀಟಿನಲ್ಲಿ ಎರಡೇ ಉಳಿದವು. ಒಂದು ಫ್ರಾನ್ಸಿನ ಒಪಿನೆಲ್, 8ನೇ ನಂಬರು. ಇನ್ನೊಂದು ಸ್ವಿಟ್ಜರ್ಲೆಂಡಿನ ವಿಕ್ಟೋರಿನಾಕ್ಸ್ ಕೆಡೆಟ್. ತೀರ್ಮಾನಕ್ಕೆ ಬರಲಾಗದೆ ಎರಡನ್ನೂ ತರಿಸಿದೆ. ಐದು ತಿಂಗಳ ಶೀಟಿಗೆ ಬಂದ ಫಲ ಇದು.

ಒಪಿನೆಲ್ ಕಥೆ ಕೇಳಿದರೆ ನಿಮಗೂ ಇಷ್ಟ ಆಗುತ್ತೆ. ಫ್ರಾನ್ಸಿನ ಸವೊಯ್ ಅನ್ನುವ ಬೆಟ್ಟದ ಸೀಮೆಯಲ್ಲಿ ಕಮ್ಮಾರರ ಮನೆಯ ಹುಡುಗ ಜೋಸೆಫ್ ಒಪಿನೆಲ್ 1890ರಲ್ಲಿ ರೈತರಿಗಾಗಿ ಮಾಡಿದ್ದು. ಒಂದು ಮರದ ಹಿಡಿ, ಒಂದು ಅಲಗು, ಒಂದು ಮೊಳೆ, ಒಂದು ತಗಡಿನ ಪಟ್ಟಿ. 1955ರಲ್ಲಿ ಅದಕ್ಕೊಂದು ಬಳೆ ಬಂತು. ಅಲಗು ತೆರೆದ ಮೇಲೆ ಬಳೆಯನ್ನು ತಿರುಗಿಸಿದರೆ ಸಾಕು, ಬೆರಳ ಮೇಲೆ ಮಡಚಿಕೊಳ್ಳೋದಿಲ್ಲ. ಅಷ್ಟೇ. ಅಲಗು ಎಂಟೂವರೆ ಸೆಂಟಿಮೀಟರ್, ದಪ್ಪ ಎರಡು ಮಿಲಿಮೀಟರಿಗಿಂತ ಕಡಿಮೆ, ಒಟ್ಟು ತೂಕ ನನ್ನ ತಕ್ಕಡಿಯಲ್ಲಿ 45 ಗ್ರಾಂ. ಬೀಚ್ ಮರದ ಹಿಡಿ. ಕೈಗೆತ್ತಿಕೊಂಡ ತಕ್ಷಣ ಅನಿಸಿತು, ಇದನ್ನು ಮಾಡಿದವನಿಗೆ ಕೊಟ್ಟಿಗೆ ಗೊತ್ತಿತ್ತು. ಅಪ್ಪನಿಗಾಗಿ ಕಾರ್ಬನ್ ಉಕ್ಕಿನದ್ದನ್ನೇ ಆರಿಸಿದೆ.

ಕೆಡೆಟ್ಟು ಇನ್ನೊಂದು ರೀತಿಯ ಚಂದ. 1891ರಲ್ಲಿ ಸ್ವಿಸ್ ಸೈನ್ಯಕ್ಕೆ ಚಾಕು ಕೊಡಲು ಶುರು ಮಾಡಿದ ಕಾರ್ಲ್ ಎಲ್ಸೆನರನ ಕಂಪನಿಯದ್ದು. ವಿಕ್ಟೋರಿಯಾ ಅನ್ನುವ ತಾಯಿಯ ಹೆಸರಿಗೆ ಸ್ಟೇನ್‌ಲೆಸ್ ಉಕ್ಕಿನ ಫ್ರೆಂಚ್ ಹೆಸರು ಸೇರಿಸಿ ವಿಕ್ಟೋರಿನಾಕ್ಸ್ ಅಂತ ಇಟ್ಟರು. ಅಮ್ಮನ ಹೆಸರನ್ನು ಬಸ್ಸಿಗೆ ಬರೆಸುವ ನಮ್ಮ ಕಡೆಯವರಿಗೆ ಇದು ಹೊಸದೇನಲ್ಲ. 84 ಮಿಲಿಮೀಟರ್ ಉದ್ದ, ಅಲ್ಯೂಮಿನಿಯಂ ಹಿಡಿ, ಚಪ್ಪಟೆ, 46 ಗ್ರಾಂ. ಅಲಗಿನ ಜೊತೆಗೆ ಡಬ್ಬ ತೆರೆಯುವ ಕೊಕ್ಕೆ, ಬಾಟಲಿ ಓಪನರು, ಉಗುರು ತಿಕ್ಕುವ ಅರ. ಬಳೆ ಗಿಳೆ ಇಲ್ಲ, ಬೆನ್ನಿನ ಸ್ಪ್ರಿಂಗೇ ಅಲಗನ್ನು ಹಿಡಿದಿರುತ್ತೆ. ಮಡಚಿದರೆ 'ಟಕ್' ಅನ್ನುತ್ತೆ. ಅಜ್ಜನ ಚಾಕು ಕೂಡ ಹೀಗೇ ಟಕ್ ಅನ್ನುತ್ತಿತ್ತು. ಜಗಲಿಯಿಂದ ಆ ಟಕ್ ಕೇಳಿತು ಅಂದರೆ ಕವಳ ಮುಗಿಯಿತು, ಇನ್ನು ಅಪ್ಪ ತೋಟಕ್ಕೆ ಹೊರಡುತ್ತಾನೆ, ನಾವು ಪುಸ್ತಕ ಮುಚ್ಚಬಹುದು ಅಂತ ಅರ್ಥ.

ಜುಲೈ ಮೊದಲ ವಾರ, ಪುನರ್ವಸು ಮಳೆ ಹಿಡಿದು ಹೊಯ್ಯುತ್ತಿರುವಾಗ ಎರಡನ್ನೂ ತೆಗೆದುಕೊಂಡು ಊರಿಗೆ ಹೋದೆ. ಬಸ್ಸಿನಲ್ಲಿ.

ಜಗಲಿಯಲ್ಲಿ ಕೂತು ಮೊದಲು ಕೆಡೆಟ್ಟನ್ನು ಕೊಟ್ಟೆ. ಅಪ್ಪ ಹೊರಳಿಸಿ ನೋಡಿದ. ಅಲಗು ತೆಗೆಯಲು ಅದರ ಬೆನ್ನಿನಲ್ಲಿ ಉಗುರು ಸಿಕ್ಕಿಸುವ ಸಣ್ಣ ಗೀರು ಇದೆ. ಅಪ್ಪ ಹೆಬ್ಬೆರಳಿನ ಉಗುರನ್ನು ಅಲ್ಲಿಗೆ ತಂದ, ಜಾರಿತು. ಮತ್ತೆ ತಂದ, ಮತ್ತೆ ಜಾರಿತು. ಮೂರನೇ ಸಲ ನಾನು ಚಾಕು ನೋಡುವುದನ್ನು ಬಿಟ್ಟು ಕೈ ನೋಡಿದೆ. ನಡುಗುತ್ತಿತ್ತು. ಸಣ್ಣಗೆ, ಗಾಳಿ ಇಲ್ಲದಿದ್ದರೂ ಅರಳಿ ಎಲೆ ಅಲ್ಲಾಡುವ ಹಾಗೆ. ಅಮ್ಮನ ಮುಖ ನೋಡಿದೆ. ಅವಳು ಮಳೆ ನೋಡುತ್ತಿದ್ದಳು, ಅಂದರೆ ಅವಳಿಗೆ ಗೊತ್ತಿತ್ತು. ಫೆಬ್ರುವರಿಯಲ್ಲಿ ಹನ್ನೆರಡು ದಿನ ನನ್ನ ಮನೆಯಲ್ಲೇ ಇದ್ದ, ಎದುರು ಕೂತು ಊಟ ಮಾಡಿದ್ದ. ಆಗಲೂ ನಡುಗುತ್ತಿತ್ತಾ? ನನಗೆ ನೆನಪಿಲ್ಲ. ಊಟ ಮಾಡುವಾಗ ನಾನು ಫೋನು ನೋಡುತ್ತಿರುತ್ತೇನೆ.

"ಸ್ಪ್ರಿಂಗು ಹೊಸತು, ಬಿಗಿ ಇದ್ದು" ಅಂದ ಅಪ್ಪ. ನಾನೂ ಹೌದು, ಹೊಸತು, ಬಿಗಿ ಅಂದೆ. ನಾನೇ ತೆರೆದು ಮಡಚಿ ತೋರಿಸಿದೆ. ಟಕ್ ಅಂದಿತು. "ಶಬ್ದ ಚೊಲೊ ಇದ್ದು" ಅಂತ ಅಪ್ಪ ಅದನ್ನು ಪಕ್ಕಕ್ಕಿಟ್ಟ.

ಒಪಿನೆಲ್ ಕೊಟ್ಟೆ. ಬೆಂಗಳೂರಿನಲ್ಲಿ ಬೆಣ್ಣೆಯ ಹಾಗೆ ತೆರೆಯುತ್ತಿದ್ದ ಚಾಕು ನಮ್ಮೂರಿನ ಥಂಡಿಗೆ ಒಂದೇ ರಾತ್ರಿಯಲ್ಲಿ ಉಬ್ಬಿಕೊಂಡಿತ್ತು. ಮರ ನೀರು ಕುಡಿದರೆ ಉಬ್ಬುತ್ತೆ, ಉಬ್ಬಿದರೆ ಬುಡದಲ್ಲಿ ಅಲಗನ್ನು ಕಚ್ಚಿ ಹಿಡಿಯುತ್ತೆ. ಆ ಚಾಕುವಿಗೆ ಇರುವ ಒಂದೇ ದೂರು ಇದು, ನಾನು ಹತ್ತು ಕಡೆ ಓದಿದ್ದೆ. ಆದರೆ ಹನ್ನೊಂದು ಕಾಲಮ್ಮಿನಲ್ಲಿ 'ಪುನರ್ವಸು ಮಳೆ' ಅಂತ ಒಂದು ಕಾಲಮ್ಮು ಮಾಡಿರಲಿಲ್ಲ. ನನ್ನ ಉಗುರಿಗೂ ಅದು ಜಗ್ಗಲಿಲ್ಲ. ಹಲ್ಲಿನಿಂದ ಎಳೆಯಲು ನೋಡಿದೆ, ಅಮ್ಮ ಬೈದಳು. ಎರಡು ಚಾಕು, ಎರಡೂ ಫೇಲು. ಪ್ರಾಜೆಕ್ಟ್ ಬಿದ್ದುಹೋದ ದಿನ ಕ್ಲೈಂಟ್ ಎದುರು ಕೂತ ಹಾಗೆ ಕೂತಿದ್ದೆ.

ಅಪ್ಪ ಒಪಿನೆಲ್ಲನ್ನು ಇಸಿದುಕೊಂಡ. ಮೂಸಿ ನೋಡಿದ, ಯಾವ ಮರ ಅಂತ ಕೇಳಿದ. ಬಳೆಯನ್ನು ಆಚೀಚೆ ತಿರುಗಿಸಿ ಅರ್ಥ ಮಾಡಿಕೊಂಡ. ಆಮೇಲೆ ಅದನ್ನು ಮುಷ್ಟಿಯಲ್ಲಿ ಹಿಡಿದು ಹಿಡಿಯ ಹಿಂತುದಿಯನ್ನು ಜಗಲಿಯ ಕಲ್ಲಿನ ಅಂಚಿಗೆ ಒಂದು ಸಲ ಕುಟ್ಟಿದ. ಅಲಗು ಅರ್ಧ ಬೆರಳಿನಷ್ಟು ಹೊರಗೆ ಬಂತು. ಬಂದದ್ದನ್ನು ಎರಡು ಬೆರಳಲ್ಲಿ ಹಿಡಿದು ಎಳೆದ. ಉಗುರು ಬೇಕಾಗಲೇ ಇಲ್ಲ.

ನನ್ನ ಮೈ ಜುಮ್ಮೆಂದಿತು. ಯಾಕೆಂದರೆ ಸವೊಯ್ ಸೀಮೆಯ ರೈತರೂ ಬಿಗಿಯಾದ ಒಪಿನೆಲ್ಲನ್ನು ಹೀಗೇ ಕುಟ್ಟಿ ತೆರೆಯುತ್ತಾರೆ. ಅದಕ್ಕೆ 'ಸವೊಯ್ ಏಟು' ಅಂತ ಹೆಸರೇ ಇದೆ. ನಾನು ಓದಿದ್ದೆ, ಮರೆತಿದ್ದೆ. ಅಪ್ಪ ಓದಿರಲಿಲ್ಲ. ಯಾರು ಹೇಳಿದ್ದು ಅಂತ ಕೇಳಿದರೆ, "ಹೇಳೂದೆಂತು? ಕತ್ತಿ ಕಾವು ಬಿಗಿ ಆದ್ರೆ ಕುಟ್ತ್ವಿಲ್ಯ?" ಅಂದ.

ಅಷ್ಟಕ್ಕೇ ಬಿಡಲಿಲ್ಲ. ಅಟ್ಟದಿಂದ ಒಡೆದ ಚಿಮಣಿ ಗಾಜಿನ ಚೂರು ತರಿಸಿದ. ಅಲಗು ಕೂರುವ ಸೀಳಿನೊಳಗೆ ಎಲ್ಲಿ ಮರ ಒತ್ತುತ್ತಿದೆ ಅಂತ ನೋಡಿ, ಗಾಜಿನ ಅಂಚಿನಿಂದ ಹೆರೆಯಲು ಹೇಳಿದ. ಹೆರೆದದ್ದು ನಾನು, ಕೂತು ಹೇಳಿದ್ದು ಅವನು. ಇನ್ನೂ ಸ್ವಲ್ಪ, ಸಾಕು, ಆ ಕಡೆ ಮುಟ್ಟಡ. ಬೇರೆ ದಿನವಾಗಿದ್ದರೆ ಇಂಥ ಕೆಲಸವನ್ನು ನನ್ನ ಕೈಗೆ ಕೊಡುತ್ತಲೇ ಇರಲಿಲ್ಲ, ಬಿಇ ಮಾಡಿದವರ ಕೈಗೆ ಗಾಜು ಕೊಡಬಾರದು ಅನ್ನುತ್ತಿದ್ದ. ಆಮೇಲೆ ಹೆರೆದ ಜಾಗಕ್ಕೆಲ್ಲ ಕೊಬ್ಬರಿ ಎಣ್ಣೆ ಕುಡಿಸಿ, ಒಲೆಯ ಮೇಲಿನ ಅಟ್ಟಣಿಗೆಯಲ್ಲಿ ಅಡಿಕೆಯ ಪಕ್ಕ ಒಂದು ರಾತ್ರಿ ಇಟ್ಟೆವು. ಬೆಳಿಗ್ಗೆ ಚಾಕು ಸಲೀಸಾಗಿ ತೆರೆಯಿತು. ಸ್ವಲ್ಪ ಹೊಗೆ ವಾಸನೆ ಇತ್ತು.

ಮರುದಿನ ಕಸಿ ಕಟ್ಟಲು ಕೂತ. ನಾನು ಪಕ್ಕದಲ್ಲಿ ಕೊಡೆ ಹಿಡಿದು ನಿಂತಿದ್ದೆ. ದಂಟನ್ನು ಎಡಗೈಯಲ್ಲಿ ಹಿಡಿದು, ಬಲ ಮೊಣಕೈಯನ್ನು ತೊಡೆಗೆ ಒತ್ತಿ ಆನಿಸಿಕೊಂಡ. ಹಾಗೆ ಆನಿಸಿದಾಗ ನಡುಕ ಕಡಿಮೆಯಾಗುತ್ತಿತ್ತು. ಎಷ್ಟು ದಿನದಿಂದ ಹೀಗೆ ಆನಿಸುತ್ತಿದ್ದನೋ. ಅಲಗು ಒಂದೇ ಎಳೆತಕ್ಕೆ ಹೋಯಿತು. ಮೂರು ಕಸಿ ಕಟ್ಟಿದ, ನಾಲ್ಕನೆಯದನ್ನು ನನಗೆ ಕೊಟ್ಟ. ನನ್ನದು ಎರಡು ಎಳೆತ ಆಯಿತು. ಅವನು ಏನೂ ಹೇಳದೆ ಅದಕ್ಕೂ ಪ್ಲಾಸ್ಟಿಕ್ ಸುತ್ತಿದ. ಹೊರಡುವ ಮೊದಲು ಅಮ್ಮನ ಜೊತೆ ಮಾತಾಡಿ ನರರೋಗದ ಡಾಕ್ಟರ ಹತ್ತಿರ ದಿನ ಗೊತ್ತು ಮಾಡಿದೆ. ಅಪ್ಪ ಈ ಸಲ ಬಸ್ಸಿನಲ್ಲೇ ಬರುತ್ತೇನೆ ಅಂದ.

ಕೆಡೆಟ್ಟು ಈಗ ನನ್ನ ಹತ್ತಿರ ಇದೆ. ಮೆಟ್ರೋದಲ್ಲಿ ಹೋಗುವ ದಿನ ಮನೆಯಲ್ಲಿ, ಉಳಿದ ದಿನ ಪ್ಯಾಂಟಿನ ಕಿಸೆಯಲ್ಲಿ. ಪಾರ್ಸೆಲ್ ಡಬ್ಬಿ ಬಿಚ್ಚಿದ್ದೇ ಬಿಚ್ಚಿದ್ದು. ಕಿಸೆಯಲ್ಲಿದೆ ಅನ್ನೋದೇ ಮರೆತುಹೋಗುತ್ತೆ, ಅಷ್ಟು ಹಗುರ. ಒಪಿನೆಲ್ಲಿನ ಫೋಟೋವನ್ನು ಅಮ್ಮ ಮೊನ್ನೆ ಕಳಿಸಿದ್ದಳು. ಅಲಗು ಪೂರ್ತಿ ಕಪ್ಪಾಗಿದೆ. ಕೈ ನಡುಗುತ್ತೆ, ತೆರೆದ ಮೇಲೆ ಬಳೆ ತಿರುಗಿಸಲೇಬೇಕು ಅಂತ ಅಪ್ಪನಿಗೆ ಹೇಳಿದ್ದೇನೆ. ಪ್ರತಿ ಭಾನುವಾರ ಫೋನಿನಲ್ಲಿ ಕೇಳುತ್ತೇನೆ, ಬಳೆ ತಿರುಗಿಸ್ತ್ಯ? ಅಪ್ಪ ಹೂಂ ಅನ್ನುತ್ತಾನೆ. ಹಿಂದಿನಿಂದ ಅಮ್ಮ, "ಸುಳ್ಳು, ಸುಳ್ಳು" ಅನ್ನುವುದು ಕೇಳುತ್ತದೆ.